ಪಾಳೇಗಾರರ ಕುಡಿ

ಗಂಡನ ಕಾಲಿನ ಹೆಬ್ಬೆರಳೆರಡನ್ನೂ ಜೋಡಿಸಿ ಕಟ್ಟುವುದಕ್ಕೆ ಮಾಯಮ್ಮನಿಗೆ ಒಂದು ತುಂಡು ದಾರ ಸಿಗಲಿಲ್ಲ. ಗೂಡು, ಟ್ರಂಕು, ಒಲೆಯ ಹಿಂದಿನ ಡಬ್ಬಿ ಎಲ್ಲ ತಡಕಿದಳು. ಕೊನೆಗೆ ಉಟ್ಟ ಸೀರೆಯ ಅಂಚನ್ನೇ ಹಲ್ಲಿನಲ್ಲಿ ಕಚ್ಚಿ ಹರಿದು, ಕಟ್ಟುತ್ತ ಕೂತಳು. ಬೆರಳುಗಳು ಒಂದಕ್ಕೊಂದು ಸೇರಲೊಲ್ಲವು. ಒಂದನ್ನು ಎಳೆದು ತಂದರೆ ಇನ್ನೊಂದು ಜಾರಿಕೊಳ್ಳುತ್ತಿತ್ತು.

“ಬಿಗಿಯಾಗಿ ಕಟ್ಟಿ ಮಾಯಮ್ಮ. ಸಡ್ಲ ಬುಟ್ರೆ ಆಮೇಲೆ ಕಾಲು ಅಗಲ ಆಗ್ಬುಡ್ತವೆ” ಎಂದಳು ಹೊನ್ನಕ್ಕ. ಹಾಸನದ ಸಂತೇಪೇಟೆಯ ಹಿಂದಿದ್ದ ಆ ವಠಾರದ ಒಡತಿ ಅವಳು. ಬೆಳಗ್ಗೆ ಅಳು ಕೇಳಿಸಿದ ಕೂಡಲೇ ಬಂದು, ಹೆಣಕ್ಕೆ ನೀರು ಕಾಯಿಸಲು ತನ್ನ ಹಂಡೆಯನ್ನೇ ಕೊಟ್ಟಿದ್ದಳು. “ಬ್ಯಾರೆ ಯಾರಾದ್ರೂ ಆಗಿದ್ರೆ ನನ್ ಅಂಡೆ ಮುಟ್ಟಕ್ಕೆ ಬುಡ್ತಿದ್ನಾ? ಪಾಳೇಗಾರ್ರ ಮನೆ ಕುಡಿ ಅಂತ ಕೊಟ್ಟೆ. ಎಂಥಾ ಮನೆತನ್ದೋರು, ಎಂಥಾ ಕಡೆ ಬಂದು ಪ್ರಾಣ ಬುಟ್ರು ನೋಡಿ!”

ಮಾಯಮ್ಮ ಹೂಂ ಎನ್ನುವಂತೆ ತಲೆಯಾಡಿಸಿದಳು. ಎಂಟು ವರ್ಷದಿಂದ ಈ ವಠಾರದಲ್ಲಿ ಅವಳು ಹೆಚ್ಚುಕಡಿಮೆ ತಲೆಯಾಡಿಸಿಯೇ ಬಾಳುವೆ ಮಾಡಿದ್ದಳು. ಬಾಯಿಬಿಟ್ಟರೆ ಎಲ್ಲಿ ಯಾವ ಮಾತು ಉದುರಿಬಿಡುತ್ತದೋ ಎಂಬ ಭಯ. ವಠಾರದ ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಹಿಡಿದ ಕೈ ಇವತ್ತಿಗೂ ಒಂದು ಗಳಿಗೆ ತಡೆಯುತ್ತಿತ್ತು. ಹೊನ್ನಕ್ಕ ಅದನ್ನು ದೊಡ್ಡ ಮನೆಯ ಹೆಂಗಸರ ನಾಜೂಕು ಎಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ.

ಎಂಟು ದಿನದ ಹಿಂದೆ ಕೆಮ್ಮಿ ಕೆಮ್ಮಿ ಸುಸ್ತಾಗಿ ಗೋಡೆಗೊರಗಿದ್ದ ಚಲುವಯ್ಯ ಹೆಂಡತಿಯ ಕೈ ಹಿಡಿದುಕೊಂಡು ಹೇಳಿದ್ದ: “ಮಾಯಿ, ನನ್ನ ನಮ್ಮವ್ವನ ಮಗ್ಗುಲಾಗೆ ಮಣ್ಣು ಮಾಡ್ಸು. ಇನ್ನೇನೂ ಕೇಳಕ್ಕಿಲ್ಲ.”

ಅವ್ವ ಎಂದರೆ ಬೀರಮ್ಮ. ಮೊಸಳೆ ಎಂಬ ಹಳ್ಳಿಯಿಂದ ಆಚೆ ಒಂದು ಸಣ್ಣ ಊರು, ಊರಿನ ಹೊರಗೆ ಹರಿಜನರ ಕೇರಿ, ಕೇರಿಯ ಹಿಂದೆ ಕೆರೆ ಏರಿಯ ಕೆಳಗೆ ಅವರು ಹೆಣ ಹೂಳುವ ಜಾಗ. ಬೀರಮ್ಮ ಹತ್ತು ವರ್ಷದಿಂದ ಅಲ್ಲಿ ಮಲಗಿದ್ದಾಳೆ. ಮಾಯಮ್ಮನೂ ಚನ್ನರಾಯಪಟ್ಟಣದ ಕೇರಿಯಲ್ಲಿ ಹುಟ್ಟಿದವಳೇ. ಈ ಹೆಣ ಅಲ್ಲಿಗೆ ಹೋಗಬೇಕಾದರೆ ಇದು ಯಾರ ಮಗನ ಹೆಣ ಎಂದು ಹಾಸನದ ಬೀದಿಯಲ್ಲಿ ನಿಂತು ಹೇಳಬೇಕು. ಹೇಳಿದರೆ ಹೊನ್ನಕ್ಕನ ಹಂಡೆ, ವಠಾರದ ಬಾವಿ, ಈ ಬಾಡಿಗೆ ಕೋಣೆ, ಮೂರೂ ಅಲ್ಲಿಗೆ ಮುಗಿದವು. ಹೇಳದಿದ್ದರೆ ಹೆಣ ಊರ ಸ್ಮಶಾನದಲ್ಲಿ ಬೂದಿಯಾಗುತ್ತದೆ. ನಸುಕಿನಲ್ಲಿ ಆ ಕಡೆಗೆ ಹೊರಟಿದ್ದ ಗಾಡಿಯವನ ಕೈಲಿ ಅವಳು ಮೈದುನ ಸಣ್ಣಯ್ಯನಿಗೆ ಸುದ್ದಿ ಕಳಿಸಿದ್ದಳು. ಮೈದುನನ ಮುಖ ಅವಳು ಕಂಡವಳಲ್ಲ.

* * *

ಪಾಳೇಗಾರರ ಕಥೆಯಲ್ಲಿ ಚಲುವಯ್ಯ ಹೇಳಿದ ಸುಳ್ಳು ಒಂದೂ ಇರಲಿಲ್ಲ. ಹಾಗಂತ ಅವನು ಸತ್ಯವಂತ ಎಂದೂ ಹೇಳುವಂತಿಲ್ಲ.

ನಲವತ್ತಾರನೇ ಇಸವಿಯಲ್ಲಿ ಗಂಗಾಧರಯ್ಯನವರ ನಾಟಕ ಕಂಪನಿ ಹೊಳೆನರಸೀಪುರದಲ್ಲಿ ಮೊಕ್ಕಾಂ ಹೂಡಿತ್ತು. ಇಪ್ಪತ್ತು ವರ್ಷದ ಚಲುವಯ್ಯ ಪರದೆ ಎಳೆಯುವ ಆಳಾಗಿ ಸೇರಿಕೊಂಡ. ಆಳುಗಳ ಜಾತಿ ಕೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಎತ್ತರದ ಮೈಕಟ್ಟು, ಕಂಚಿನ ಕಂಠ. ಪರದೆಯ ಹಗ್ಗ ಹಿಡಿದುಕೊಂಡೇ ಇಡೀ ನಾಟಕ ಬಾಯಿಪಾಠ ಮಾಡಿದ್ದ. ಪಾಳೇಗಾರ ರಣಭೈರನ ಪಾತ್ರ ಮಾಡುತ್ತಿದ್ದವನ ಗಂಟಲು ಒಂದು ಸಂಜೆ ಕಟ್ಟಿಹೋಯಿತು. ಜನ ಆಗಲೇ ಟಿಕೆಟ್ಟು ಕೊಂಡು ಕೂತಿದ್ದರು. ಗಂಗಾಧರಯ್ಯ ದಿಕ್ಕು ಕಾಣದೆ ಇವನ ಮುಖಕ್ಕೆ ಬಣ್ಣ ಬಳಿಸಿ ರಂಗಕ್ಕೆ ನೂಕಿದರು.

ಆಟ ಮುಗಿದ ಮೇಲೆ ಒಳಗೆ ಕರೆದು, “ಯಾವ ಜನವಯ್ಯ ನೀನು?” ಎಂದು ಕೇಳಿದರು. ಚಲುವಯ್ಯ ತಲೆ ತಗ್ಗಿಸಿ ಬಣ್ಣ ಒರೆಸುತ್ತ ನಿಂತ. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. “ಹೇಳೋದು ಬೇಡ ಬಿಡು. ನಿಲುವು ನೋಡಿದರೇ ಗೊತ್ತಾಗುತ್ತೆ. ಅಳಿದುಹೋದ ಯಾವುದೋ ಪಾಳೇಗಾರರ ಕುಡಿ ನೀನು. ಪರದೆ ಎಳೆಯೋ ಸ್ಥಿತಿಗೆ ಬಂದೆನಲ್ಲ ಅಂತ ಹೇಳಿಕೊಳ್ಳೋಕೆ ನಾಚಿಕೆ.”

ಚಲುವಯ್ಯ ಅದಕ್ಕೂ ಮಾತಾಡಲಿಲ್ಲ. ಮುಂದಿನ ವಾರದ ಹ್ಯಾಂಡ್‌ಬಿಲ್ಲಿನಲ್ಲಿ ‘ಪಾಳೇಗಾರರ ವಂಶದ ಕುಡಿ ಶ್ರೀ ಚಲುವರಾಜ್ ಅವರಿಂದ ರಣಭೈರನ ಪಾತ್ರ’ ಎಂದು ಅಚ್ಚಾಗಿಯೇ ಬಂತು. ಅಂದು ಬಾಯಿಬಿಟ್ಟಿದ್ದರೆ ಅಂದೇ ಗೇಟಿನ ಹೊರಗೆ. ಬಿಡಲಿಲ್ಲ, ಒಂಬತ್ತು ವರ್ಷ ಕಂಪನಿಯ ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಉಂಡ.

ಆ ಒಂಬತ್ತು ವರ್ಷ ಈ ಸೀಮೆಯ ಜನ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ದುದ್ದದಿಂದ, ದೊಡ್ಡಗದ್ದವಳ್ಳಿಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಯುದ್ಧಕ್ಕೆ ಹೊರಟ ರಣಭೈರ ತಾಯಿಯ ಕಾಲಿಗೆ ಬಿದ್ದು ಅಪ್ಪಣೆ ಬೇಡುವ ಒಂದು ದೃಶ್ಯವಿತ್ತು. ತಾಯಿಯಾಗುತ್ತಿದ್ದವನು ಮೀಸೆ ಬೋಳಿಸಿಕೊಂಡ ಒಬ್ಬ ದಡೂತಿ ನಟ. ಅವನ ಕಾಲು ಹಿಡಿದು ಚಲುವಯ್ಯ “ಅಮ್ಮಾ!” ಎಂದು ಕೂಗಿದರೆ ನೆಲದ ಮೇಲೆ ಕೂತ ಹೆಂಗಸರೆಲ್ಲ ಬಿಕ್ಕುತ್ತಿದ್ದರು. ಹಿಂದಿನಿಂದ “ಒನ್ಸ್ ಮೋರ್!” ಎಂಬ ಕೂಗು ಏಳುತ್ತಿತ್ತು. ಚಲುವಯ್ಯ ಎದ್ದು, ಮೈ ಕೊಡವಿ, ಪಕ್ಕದ ಪರದೆಯ ಮರೆಗೆ ಹೋಗಿ, ಮತ್ತೆ ಬಂದು ಬೀಳಬೇಕು. ಕೆಲವು ಆಟಗಳಲ್ಲಿ ಮೂರು ಸಲ ಬಿದ್ದದ್ದುಂಟು.

* * *

ಹತ್ತು ಗಂಟೆಯ ಹೊತ್ತಿಗೆ ಗಂಗಾಧರಯ್ಯ ಜಟಕಾದಲ್ಲಿ ಬಂದಿಳಿದರು. ಕಂಪನಿ ಒಂದು ತಿಂಗಳಿಂದ ಹಾಸನದಲ್ಲೇ ಇತ್ತು. ಹಿಂದೆ ಕಂಪನಿಯ ಏಳೆಂಟು ಜನ, ನಾಲ್ಕು ಜನ ಬ್ಯಾಂಡಿನವರು, ಒಂದು ದೊಡ್ಡ ಸೇವಂತಿಗೆ ಹಾರ. ಎಲ್ಲರಿಗಿಂತ ಹಿಂದೆ ಗೌರೀಶಂಕರ. ಚಲುವಯ್ಯ ಬಿಟ್ಟುಹೋದ ರಣಭೈರನ ಪಾತ್ರ ಈಗ ಅವನದು. ಅದನ್ನು ಅವನು ಕಲಿತದ್ದು ಚಲುವಯ್ಯನನ್ನು ನೋಡಿಯೇ. ಅವನು ಮಾತ್ರ ಚಪ್ಪಲಿ ಹೊರಗೆ ಬಿಟ್ಟು ಬಂದು ಹೆಣದ ತಲೆಯ ಬಳಿ ಕೂತ.

ಗಂಗಾಧರಯ್ಯ ಹಾರ ಹಾಕಿ, ಶಾಲು ಹೊದಿಸಿ, ಗಂಟಲು ಸರಿಮಾಡಿಕೊಂಡರು. “ಮೊಕ್ಕಾಂ ನಡುವೆಯೇ ಕಂಪನಿ ಬಿಟ್ಟು ಹೋಗಿ ನನ್ನ ಹೊಟ್ಟೆಯ ಮೇಲೆ ಹೊಡೆದ. ಸಿನಿಮಾದ ಹುಚ್ಚು. ಇರಲಿ. ಅವನಿಂದ ನಾವೆಲ್ಲ ಅನ್ನ ಉಂಡಿದ್ದೀವಿ. ಕ್ಷತ್ರಿಯನ ಹಾಗೆ ಕಳಿಸಿಕೊಡ್ತೀನಿ. ಸೌದೆ ಒಟ್ಟಿಸಿ ಆಗಿದೆ, ಮೇಲೆ ಗಂಧದ ಚೆಕ್ಕೆ ಹಾಕಿಸ್ತೀನಿ.”

ಮಾಯಮ್ಮ ಚಟ್ಟನೆ ಎದ್ದು ನಿಂತಳು. “ಸುಡಾದು ಬ್ಯಾಡಿ ಸಾ” ಎಂದಳು.

“ಮತ್ತಿನ್ನೇನಮ್ಮ?”

“ಅವರ ಕಡೆಯೋರು ಬತ್ತಾರೆ. ಅವ್ರು ಬರಗಂಟ ತಡೀರಿ.”

“ಪಾಳೇಗಾರ್ರ ಮನೆಯೋರು ಇನ್ನೂ ಅವ್ರಾ?” ಹೊನ್ನಕ್ಕನ ಕಿವಿ ನೆಟ್ಟಗಾಯಿತು. ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದಳು. “ಗಾಡೀಲಿ ಬತ್ತಾರಾ, ಕಾರಲ್ಲಿ ಬತ್ತಾರಾ?”

ಅವರು ಬಂದದ್ದು ಹಿತ್ತಲ ಗಲ್ಲಿಯಲ್ಲಿ, ಬರಿಗಾಲಲ್ಲಿ. ಹಿತ್ತಲ ಬಾಗಿಲು ಬಡಿದ ಸದ್ದಿಗೆ ಮಾಯಮ್ಮ ಎದ್ದು ಹೋದಳು. ಹೆಗಲ ಮೇಲೆ ಟವಲು, ಮೊಣಕಾಲವರೆಗೆ ಪಂಚೆ, ಇಪ್ಪತ್ತಾರು ವರ್ಷದ ಆಳು. ನಿಂತ ನಿಲುವು ಥೇಟು ಗಂಡನದೇ. ಮಾಯಮ್ಮನಿಗೆ ಅಳು ಒತ್ತರಿಸಿಕೊಂಡು ಬಂತು.

“ಸಣ್ಣಯ್ಯನಾ? ಒಳೀಕೆ ಬಾಪ್ಪ.”

“ನಾನು ಒಳೀಕೆ ಬರಾಕಿಲ್ಲ. ನಿಮ್ಮನೇಲಿ ಪಾಳೇಗಾರ್ರು ಅವ್ರಲ್ಲ” ಎಂದ ಸಣ್ಣಯ್ಯ. ಕಣ್ಣಲ್ಲಿ ಒಂದು ತೊಟ್ಟು ನೀರಿಲ್ಲ. “ಏನ್ ಬೇಕು ಏಳು.”

“ಅವ್ರು ಅವ್ವನ ಮಗ್ಗುಲಾಗೆ ಮಣ್ಣು ಕೇಳವ್ರೆ.”

ಸಣ್ಣಯ್ಯ ಮುಖ ತಿರುಗಿಸಿ ಗೋಡೆಯನ್ನೇ ನೋಡಿದ. “ಅರಕಲಗೂಡಿಗೆ ಅವ್ವನ ಸಂಗಡ ಓಗಿದ್ದೋನು ನಾನು ಕಣಮ್ಮ. ಎರಡು ದಿನ ನಡದ್ವಿ. ವಾಪಸ್ ಬತ್ತಾ ಒಂದು ಮಾತಾಡ್ನಿಲ್ಲ ಅವ್ಳು. ಮಗನಿಗೆ ಅಂತ ತಕ್ಕೊಂಡೋಗಿದ್ದ ತಂಬಿಟ್ಟಿನ ಗಂಟ ಬಿಚ್ನಿಲ್ಲ, ಯಾರ್ಗೂ ಕೊಡ್ನಿಲ್ಲ. ಕೇರಿಯೋರು ಕೇಳಿದ್ರೆ ಮಗ ಅಲ್ಲಿರ್ನಿಲ್ಲ ಅನ್ನಾಳು. ಆ ಮಳೆಗಾಲದಲ್ಲೇ ಓಗ್ಬುಟ್ಲು.”

“ಅದ್ನೇ ನೆನೆಸ್ಕಂಡು ನೆನೆಸ್ಕಂಡು ಇವ್ರೂ ಸತ್ರು ಕಣಪ್ಪಾ.”

“ಸಾಯ್ಲಿ. ಎಲ್ಲಾರೂ ಸಾಯ್ತಾರೆ.” ಸಣ್ಣಯ್ಯನ ದನಿ ಏರಿತು, ಮತ್ತೆ ತಾನೇ ತಗ್ಗಿಸಿಕೊಂಡ. “ಒಂದ್ ಮಾತು. ಅದೇ ಯಜಮಾನ ಒಳಗವನೆ, ಅದೇ ಕಂಪ್ನಿ ಐತೆ. ಅವರ ಮುಂದೆ ಇವನು ಬೀರಮ್ಮನ ಮಗ ಅಂತ ಏಳ್ಬೇಕು. ಊರು, ಕೇರಿ, ಎಲ್ಲಾ ಏಳ್ಬೇಕು. ಏಳಿದ್ರೆ ಜಾಗ ಕೊಡ್ತೀನಿ. ಇಲ್ದಿದ್ರೆ ನಿಮ್ ಪಾಳೇಗಾರ್ನ ನೀವೇ ಸುಟ್ಕಳಿ.”

“ಅವ್ರ ಕೈಲೇ ಆಗ್ನಿಲ್ಲ. ನಾನು ಎಂಗ್ ಏಳ್ಲಿ?”

“ಎಂಗಾರಾ ಏಳು. ಒಳೇನರ್ಸೀಪುರದ ರಸ್ತೆ ಕೂಡೋ ತಾವ ಗಾಡಿ ನಿಲ್ಸ್ಕಂಡಿರ್ತೀನಿ. ಹೆಣ ಈ ಕಡೀಕೆ ತಿರುಗಿದ್ರೆ ಸರಿ. ಆ ಕಡೀಕೆ ಓದ್ರೆ ನಾನು ಬರೀ ಗಾಡಿ ಹೊಡ್ಕಂಡ್ ಓಗ್ತೀನಿ.”

ಅತ್ತಿಗೆ ಎಂಬ ಮಾತು ಅವನ ಬಾಯಲ್ಲಿ ಬರಲಿಲ್ಲ. ಬಂದ ದಾರಿಯಲ್ಲೇ ಹೊರಟುಹೋದ.

* * *

ಐವತ್ತೈದನೇ ಇಸವಿ, ಅರಕಲಗೂಡಿನ ಮೊಕ್ಕಾಂ, ಭಾನುವಾರದ ಮಧ್ಯಾಹ್ನದ ಆಟ. ಇಷ್ಟನ್ನು ಚಲುವಯ್ಯ ಮಾಯಮ್ಮನಿಗೆ ಮೊದಲ ಭೇಟಿಯಲ್ಲೇ ಹೇಳಿದ್ದ. ಆಮೇಲಿನ ಎಂಟು ವರ್ಷ ಕುಡಿದಾಗಲೂ ಹೇಳಿದ, ಕುಡಿಯದಾಗಲೂ ಹೇಳಿದ. ಕೇಳಿ ಕೇಳಿ ಅವಳಿಗೆ ತಾನೇ ಅಲ್ಲಿ ನಿಂತು ಕಂಡಷ್ಟು ನಿಚ್ಚಳವಾಗಿತ್ತು.

ಹತ್ತು ವರ್ಷದ ಹಿಂದೆ ಮನೆ ಬಿಟ್ಟ ಮಗ ರಾಜನಂತೆ ಕಿರೀಟ ಹಾಕಿಕೊಂಡು ಕುಣಿಯುತ್ತಾನೆ ಎಂದು ಯಾರೋ ಹೇಳಿದ್ದನ್ನು ಕೇಳಿ ಬೀರಮ್ಮ ಬಂದಿದ್ದಳು. ನೆಲದ ಮೇಲೆ ಕೂತು ಆಟ ನೋಡಿದಳು. ಮಗ ಒಬ್ಬ ಬಣ್ಣದ ತಾಯಿಯ ಕಾಲಿಗೆ ಬಿದ್ದ. ಜನ ಒನ್ಸ್ ಮೋರ್ ಅಂದರು, ಮತ್ತೆ ಬಿದ್ದ. ಮತ್ತೂ ಅಂದರು, ಮತ್ತೂ ಬಿದ್ದ. ಎಲ್ಲರೂ ಅಳುತ್ತಿದ್ದರು, ಅವಳೂ ಅತ್ತಳು.

ಆಟ ಮುಗಿದ ಮೇಲೆ ಸಣ್ಣಯ್ಯನನ್ನು ಕರೆದುಕೊಂಡು ರಂಗದ ಪಕ್ಕದ ಬಾಗಿಲಿಗೆ ಬಂದಳು. ಚಲುವಯ್ಯ ಕಿರೀಟ ತೆಗೆದಿರಲಿಲ್ಲ. ಊರಿನ ಇಬ್ಬರು ದೊಡ್ಡ ಮನುಷ್ಯರು ಹಾರ ಹಾಕಲು ಬಂದಿದ್ದರು, ಅವರ ಪಕ್ಕ ಗಂಗಾಧರಯ್ಯ. ಬಾಗಿಲಲ್ಲಿ ನಿಂತ ಮಾಸಲು ಸೀರೆಯ ಹೆಂಗಸನ್ನು ಕಂಡು ಅವರು, “ಯಾರಮ್ಮ ನೀನು? ಇಲ್ಲೇನು ಕೆಲಸ?” ಎಂದು ಕೇಳಿದರು.

ಬೀರಮ್ಮ ಅವರಿಗೆ ಉತ್ತರ ಹೇಳದೆ ಮಗನ ಮುಖ ನೋಡಿದಳು. ಮಗನೂ ನೋಡಿದ. ನಮ್ಮಮ್ಮ ಎಂದಿದ್ದರೆ ಸಾಕಿತ್ತು. ಆ ಮಾತನ್ನು ಅವನು ಸ್ವಲ್ಪ ಹೊತ್ತಿಗೆ ಮುಂಚೆ ಮೂರು ಸಲ ಗಂಟಲು ಬಿಟ್ಟು ಕೂಗಿದ್ದ. ಈಗ ನಾಲಿಗೆ ಅಂಗುಳಕ್ಕೆ ಅಂಟಿತು. ಅವಳು ಕಾದಳು. ಒಂದು ವೀಳ್ಯ ಮಡಿಸುವಷ್ಟು ಹೊತ್ತು ಕಾದಿರಬೇಕು.

“ಯಾರೂ ಅಲ್ಲ ಸಾಮಿ. ಆಟ ನೋಡನಾ ಅಂತ ಬಂದಿದ್ದೆ” ಎಂದು ಹೇಳಿ, ಬಾಗಿಲಿಂದ ಹಿಂದಕ್ಕೆ ಸರಿದಳು.

ಅಂದು ಸಂಜೆಯ ಆಟದಲ್ಲಿ ರಣಭೈರ ತಾಯಿಯ ಕಾಲಿಗೆ ಬಿದ್ದ, ಆದರೆ ಬಾಯಿಂದ ಮಾತೇ ಹೊರಡಲಿಲ್ಲ. ಹಾರ್ಮೋನಿಯಂನವನು ಎರಡೆರಡು ಸಲ ಶ್ರುತಿ ಕೊಟ್ಟು ನೋಡಿದ. ಮಾರನೇ ಬೆಳಗ್ಗೆ ಚಲುವಯ್ಯ ಮದರಾಸಿನಿಂದ ಸಿನಿಮಾಕ್ಕೆ ಕರೆ ಬಂದಿದೆ ಎಂದು ಹೇಳಿ ಟ್ರಂಕು ಎತ್ತಿಕೊಂಡ. ಕಂಪನಿ ಬಿಡುವವರೆಲ್ಲ ಆ ಕಾಲಕ್ಕೆ ಹೇಳುತ್ತಿದ್ದ ಕಾರಣ ಅದು. ಅವನು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದೇ, ಅದನ್ನು ಎಲ್ಲರೂ ನಂಬಿದರು.

ಅಲ್ಲಿಂದ ನೆಟ್ಟಗೆ ಊರಿನ ಕಡೆ ಹೊರಟವನು ಕೆರೆ ಏರಿಯವರೆಗೆ ಹೋದ. ಕೇರಿಯ ಗುಡಿಸಲುಗಳ ಹೊಗೆ ಕಂಡಿತು. ಅವ್ವನ ಮುಂದೆ ಹೇಗೆ ನಿಲ್ಲುವುದು ಎಂದು ತಿಳಿಯದೆ ವಾಪಸು ತಿರುಗಿದ. ಹೇಳಿದ ಸುಳ್ಳನ್ನಾದರೂ ನಿಜ ಮಾಡೋಣವೆಂದು ಮದರಾಸಿಗೆ ಹೋಗಿ ಸ್ಟುಡಿಯೋ ಗೇಟುಗಳ ಮುಂದೆ ನಲವತ್ತು ದಿನ ಕಾದ. ಒಂದು ಪಿಕ್ಚರಿನಲ್ಲಿ ರಾಜನ ಸಿಂಹಾಸನದ ಹಿಂದೆ ಭರ್ಜಿ ಹಿಡಿದು ನಿಂತ. ತಿರುಗಿ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮೊಸಳೆಯ ಕಡೆಯ ಕೂಲಿಯಾಳೊಬ್ಬ ಇವನನ್ನು ಗುರುತಿಸದೆಯೇ, ಮಾತಿಗೆ ಮಾತು ಬಂದು, ಕೇರಿಯ ಬೀರಮ್ಮ ಸತ್ತು ಇಪ್ಪತ್ತು ದಿನವಾಯಿತೆಂದು ಹೇಳಿದ.

* * *

ಚಟ್ಟ ಎದ್ದಾಗ ಹನ್ನೊಂದೂವರೆ. ಪಾಳೇಗಾರರ ಕಡೆಯವರು ಬರಲಿಲ್ಲವೆಂದು ಹೊನ್ನಕ್ಕ ನಿರಾಶೆಯಿಂದ ಮೂಗು ಮುರಿದಳು. ಕಂಪನಿಯ ನಾಲ್ಕು ಜನ ಹೆಗಲು ಕೊಟ್ಟರು, ಮುಂದಿನ ಬಲಗಡೆ ಗೌರೀಶಂಕರ. ಹೆಂಗಸರು ಗಲ್ಲಿಯ ತುದಿಗೇ ನಿಲ್ಲಬೇಕೆಂದು ಹೊನ್ನಕ್ಕ ರಟ್ಟೆ ಹಿಡಿದಳು. ಮಾಯಮ್ಮ ಬಿಡಿಸಿಕೊಂಡು ಚಟ್ಟದ ಹಿಂದೆ ನಡೆದಳು.

ಹಳೆಯ ಅಭಿಮಾನಿಗಳು ಅಂಗಡಿಗಳಿಂದ ಇಳಿದು ಬಂದು ಸೇರಿಕೊಂಡರು. ಅವಳ ಮುಂದೆಯೇ ಇಬ್ಬರು ನಡೆಯುತ್ತಿದ್ದರು.

“ಸಿನಿಮಾ ಉಚ್ಚು ಕಣಯ್ಯ. ಕಂಪ್ನೀಲೇ ಇದ್ದಿದ್ರೆ ಇವತ್ತು ಬಂಗ್ಲೆ ಕಟ್ಟಿಸ್ತಿದ್ದ.”

“ವಾಪಸ್ ಬಂದ್ಮೇಲೆ ಬ್ಯಾರೆ ಕಂಪ್ನಿ ಸೇರಿದ್ನಲ್ಲ?”

“ಎರಡು ಕಂಪ್ನಿ ಸೇರ್ದ. ಎರಡ್ರಲ್ಲೂ ಅಮ್ಮಾ ಅನ್ನೋ ಕಡೆ ಬಂದು ಕಂಬದಂಗೆ ನಿಂತ್ಕಂಡ. ಜನ ಸೀಟಿ ಹೊಡದ್ರು. ಮದ್ರಾಸಲ್ಲಿ ಕುಡದು ಕುಡದು ಕಂಠ ಕಳ್ಕಂಡ ಅಂತಾರಪ್ಪ.”

“ಆಮ್ಯಾಕೆ ದುದ್ದದ ಕಡೆ ಅಳ್ಳಿ ಹುಡುಗ್ರಿಗೆ ನಾಟ್ಕ ಕಲಿಸ್ತಿದ್ದ. ಕೊನೇಲಿ ನೋಡ್ದಾ, ಟೆಂಟ್ ಸಿನಿಮಾದ ಗಾಡೀಲಿ ತಗಡಿನ ತುತ್ತೂರಿ ಹಿಡ್ಕಂಡು ಪಿಕ್ಚರ್ ಹೆಸ್ರು ಕೂಗ್ತಿದ್ದ. ನಮ್ ಅಂಗಡಿ ಮುಂದೆ ಬಂದ್ರೆ ನಾನೇ ಒಳೀಕೆ ಓಗ್ಬುಡ್ತಿದ್ದೆ, ನೋಡಕ್ಕಾಗ್ದೆ. ಎಂಥಾ ರಕ್ತ!”

ಮಾಯಮ್ಮ ಚಲುವಯ್ಯನನ್ನು ಮೊದಲು ಕಂಡದ್ದು ಆ ಗಾಡಿಯಲ್ಲೇ. ಚನ್ನರಾಯಪಟ್ಟಣದ ಟೆಂಟಿನಲ್ಲಿ ಅವಳು ಕಡಲೆಕಾಯಿ ಸಿಪ್ಪೆ ಗುಡಿಸುತ್ತಿದ್ದಳು. ಗಾಡಿಯಿಂದ ಇಳಿದು ಬಂದು ಅವನು ಕುಡಿಯಲು ನೀರು ಕೇಳಿದ. ನಾನು ಕೇರಿಯವಳು, ನನ್ನ ಕೈಯ ನೀರು ನೀವು ಕುಡಿಯಬಾರದು ಎಂದು ಅವಳು ಹೆದರಿ ಹಿಂದೆ ಸರಿದಿದ್ದಳು. ಅವನು ಅಲ್ಲೇ ಮರಳಿನ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟಿದ್ದ. ಅವನ ಹೆಸರಿನ ಹ್ಯಾಂಡ್‌ಬಿಲ್ಲು ಹೊತ್ತು ತಿರುಗಿದ ಲೋಕದಲ್ಲಿ ಅವನು ನಿಜ ಹೇಳಿದ್ದು ಅವಳೊಬ್ಬಳಿಗೇ. ಅದಕ್ಕೇ ಅವಳು ಅವನನ್ನು ಕಟ್ಟಿಕೊಂಡಳು. ಕುಡಿತ, ಕೆಮ್ಮು, ಗಾಡಿಯ ತುತ್ತೂರಿ ಎಲ್ಲವನ್ನೂ ಪ್ರೀತಿಯಿಂದಲೇ ಸಹಿಸಿದಳು.

ರಸ್ತೆ ಕವಲಾಗುವ ಜಾಗ ಬಂತು. ಎಡಕ್ಕೆ ಸ್ಮಶಾನ. ಬಲಕ್ಕೆ ಹೊಳೆನರಸೀಪುರದ ರಸ್ತೆ, ಅದರ ಪಕ್ಕದಲ್ಲಿ ಒಂದು ಬರಿ ಗಾಡಿ. ನೊಗಕ್ಕೆ ಕೈಕೊಟ್ಟು ನಿಂತ ಸಣ್ಣಯ್ಯ, ಜೊತೆಗೆ ಕೇರಿಯ ಇಬ್ಬರು. ಬ್ಯಾಂಡಿನವರು ಊದುತ್ತ ಎಡಕ್ಕೆ ತಿರುಗಿದರು.

ಮಾಯಮ್ಮ ಓಡಿಹೋಗಿ ಚಟ್ಟದ ಮುಂದೆ ನಿಂತಳು. “ನಿಲ್ಸಿ” ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಎರಡು ಕೈಯನ್ನೂ ಅಗಲ ಮಾಡಿ ಮತ್ತೆ ಕೂಗಿದಳು. “ನಿಲ್ಸಿ! ಆ ಕಡೀಕಲ್ಲ!”

ಬ್ಯಾಂಡು ನಿಂತಿತು. ಗಂಗಾಧರಯ್ಯ ಮುಂದೆ ಬಂದರು. “ಏನಮ್ಮ ಇದು?”

“ಇವರು ಪಾಳೇಗಾರ್ರಲ್ಲ ಸಾ. ಇವರು ಬೀರಮ್ಮನ ಮಗ. ಅರಕಲಗೂಡಲ್ಲಿ ನಿಮ್ ನಾಟಕದ ಬಾಗ್ಲಿಗೆ ಬಂದು ಯಾರೂ ಅಲ್ಲ ಅಂತ ಏಳಿ ಓದ್ಲಲ್ಲ, ಆ ಬೀರಮ್ಮನ ಮಗ. ಮೊಸಳೆಯಿಂದಾಚೆ ಊರು. ಕೇರಿಯೋರು ನಾವು. ಅಲ್ಲಿ ನಿಂತವ್ನಲ್ಲ, ಅವ್ನು ಇವರ ಒಡಹುಟ್ಟಿದ ತಮ್ಮ. ಇವರನ್ನ ಅವರವ್ವನ ಮಗ್ಗುಲಾಗೆ ಮಣ್ಣು ಮಾಡ್ಬೇಕು.”

ಗಂಗಾಧರಯ್ಯ ಹುಬ್ಬು ಗಂಟಿಕ್ಕಿ ನೆನಪಿಗೆ ತಂದುಕೊಳ್ಳಲು ನೋಡಿದರು. ಬಾಗಿಲಿಗೆ ಬಂದ ಹೆಂಗಸು, ಅರಕಲಗೂಡು, ಯಾವುದೂ ಅವರ ನೆನಪಿನಲ್ಲಿ ಇರಲಿಲ್ಲ. ಕೇರಿ ಎಂಬ ಮಾತು ಮಾತ್ರ ತಡವಾಗಿ ಇಳಿಯಿತು. ಹೆಣಕ್ಕೆ ಶಾಲು ಹೊದಿಸಿದ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು.

“ಒಂಬತ್ತು ವರ್ಷ ನಮ್ಮ ಪಂಕ್ತಿಯಲ್ಲಿ ಕೂತು ಉಂಡನಲ್ಲೇ!”

“ಉಂಡ್ರು. ನಿಮ್ಗೇನಾಯ್ತು ಸಾ?”

ಅವರಿಗೆ ಸಿಟ್ಟು ಬರಬಹುದಿತ್ತು, ಬರಲಿಲ್ಲ. ಮೆಲ್ಲಗೆ, “ಇಳಿಸ್ರಪ್ಪ” ಎಂದರು. ಚಟ್ಟ ರಸ್ತೆಯ ಮಧ್ಯೆ ಧೂಳಿನ ಮೇಲೆ ಇಳಿಯಿತು. ಹೊತ್ತವರು ಹೆಗಲು ಕೊಡವಿಕೊಂಡರು. ಎಂಥಾ ರಕ್ತ ಎಂದಿದ್ದವನು ಎದುರಿನ ಮನೆಯ ನಲ್ಲಿಯ ಕಡೆ ಹೋಗಿ ಕೈ ತೊಳೆಯತೊಡಗಿದ, ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ವಠಾರದ ಗಂಡಸೊಬ್ಬ ಹೊನ್ನಕ್ಕನಿಗೆ ಸುದ್ದಿ ಮುಟ್ಟಿಸಲು ಆಗಲೇ ಓಟ ಕಿತ್ತಿದ್ದ. ಬೀದಿ ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಸಣ್ಣಯ್ಯನೂ ಕೇರಿಯ ಇಬ್ಬರೂ ಬಂದು ಚಟ್ಟಕ್ಕೆ ಕೈಹಾಕಿದರು. ಒಂದು ಮೂಲೆಗೆ ಆಳಿರಲಿಲ್ಲ. ಸ್ವಲ್ಪ ದೂರದಲ್ಲಿ ನಿಂತಿದ್ದ ಗೌರೀಶಂಕರ ಯಜಮಾನರು ಹೋದ ದಿಕ್ಕನ್ನು ಒಮ್ಮೆ ನೋಡಿ, ಬಂದು ಆ ಮೂಲೆ ಎತ್ತಿದ.

ಗಾಡಿ ಹೊರಟ ಮೇಲೆ ಹಿಂದೆ ಹಿಂದೆ ನಡೆಯುತ್ತ ಅವನು ಕೇಳಿದ. “ಅಕ್ಕಾ, ಹಂಗಾದ್ರೆ ಮದ್ರಾಸಿಂದ ಕರೇನೇ ಬಂದಿರ್ಲಿಲ್ವಾ?”

“ಇಲ್ಲ ಕಣಪ್ಪ.”

“ನಾನು ಅವರ ಜಾಗ ಸಿಕ್ಕಿದ ದಿನ ಅವರ ಸಿನಿಮಾ ಹುಚ್ಚಿಗೆ ಕೈ ಮುಗ್ದಿದ್ದೆ” ಎಂದು ಗೌರೀಶಂಕರ ಹೇಳಿದ.

* * *

ಕೇರಿಯ ಬಾಯಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಹೊಂಗೆ ಮರದ ಹತ್ತಿರ ಗೌರೀಶಂಕರನ ಕಾಲು ನಿಂತವು. ಸಂಜೆ ಆಟವಿದೆ, ಬಣ್ಣ ಹಚ್ಚಬೇಕು ಎಂದ. ಕೇರಿಯೊಳಗೆ ಕಾಲಿಡಲಾರದ್ದಕ್ಕೆ ಅದು ನೆಪವೆಂದು ಅವನಿಗೂ ಗೊತ್ತಿತ್ತು, ಮಾಯಮ್ಮನಿಗೂ ಗೊತ್ತಿತ್ತು. ಇಷ್ಟು ದೂರ ಬಂದನಲ್ಲ ಎಂದು ಅವಳು ಕೈಮುಗಿದಳು.

ಏರಿಯ ಕೆಳಗೆ ಗುಂಡಿ ಸಿದ್ಧವಾಗಿತ್ತು. ಕೊಟ್ಟ ಮಾತಿನಂತೆ ಬೀರಮ್ಮನ ಗುಡ್ಡೆಯ ಪಕ್ಕದಲ್ಲೇ ತೋಡಿದ್ದರು, ನಡುವೆ ಒಂದು ಮೊಳ ಅಂತರ. ಹತ್ತು ವರ್ಷದ ಮಳೆಗೆ ತಾಯಿಯ ಗುಡ್ಡೆ ಕರಗಿ ನೆಲದ ಮಟ್ಟಕ್ಕೆ ಬಂದಿತ್ತು. ತಲೆಯ ದಿಕ್ಕಿಗೆ ಒಂದು ಕಲ್ಲು ಇಲ್ಲದಿದ್ದರೆ ಗುರುತೇ ಸಿಗುತ್ತಿರಲಿಲ್ಲ. ಕೇರಿಯ ಜನ ಸುತ್ತ ನಿಂತರು. ಸತ್ತವನನ್ನು ಬಲ್ಲವರು ನಾಲ್ಕೈದು ಜನ ಮುದುಕರು ಮಾತ್ರ. ಹೆಂಗಸರು ಏನೆಂದು ಕರೆದು ಅಳಬೇಕೋ ತಿಳಿಯದೆ ಸುಮ್ಮನೆ ಸೆರಗು ಹಿಡಿದು ನಿಂತಿದ್ದರು.

ಹೆಣವನ್ನು ಗುಂಡಿಗಿಳಿಸಿ ಮುಖದ ಬಟ್ಟೆ ಸರಿಸಿದರು. ಕೇರಿಯ ಹಿರಿಯ ದ್ಯಾವಯ್ಯ ಒಂದು ಮೊರದಲ್ಲಿ ಅಕ್ಕಿ ಹಿಡಿದು ಅಂಚಿನಲ್ಲಿ ಕೂತಿದ್ದ. ಕಣ್ಣು ಮಂಜು, ದನಿ ಗಟ್ಟಿ.

“ಮೊದ್ಲು ಹೆತ್ತೋಳ ಪಾಲು. ಯಾರ್ ಆಕೀರಿ?”

ಸತ್ತವನ ಬಾಯಿಗೆ ಮೊದಲ ಅಕ್ಕಿ ತಾಯಿಯದು. ತಾಯಿ ಇಲ್ಲದಿದ್ದರೆ ಅವಳ ಹೊಟ್ಟೆಯಲ್ಲಿ ಹುಟ್ಟಿದವರು ಅವಳ ಹೆಸರು ಹೇಳಿ ಹಾಕಬೇಕು. ಅದಾಗದೆ ಹೆಂಡತಿಯ ಸರದಿ ಬರುವುದಿಲ್ಲ, ಮುಖದ ಮೇಲೆ ಬಟ್ಟೆ ಎಳೆಯುವಂತಿಲ್ಲ, ಮಣ್ಣು ಹಾಕುವಂತಿಲ್ಲ.

ಸಣ್ಣಯ್ಯ ಗುಂಡಿಯ ಆಚೆ ಕೈಕಟ್ಟಿ ನಿಂತಿದ್ದ. ಅಲ್ಲಾಡಲಿಲ್ಲ.

“ನಿನ್ನೇ ಕಣ್ಲಾ ಸಣ್ಣಯ್ಯ” ಎಂದ ದ್ಯಾವಯ್ಯ.

“ಜಾಗ ಕೊಡ್ತೀನಿ ಅಂದಿದ್ದೆ, ಕೊಟ್ಟೆ.”

“ಜಾಗ ಭೂಮ್ತಾಯಿದು. ನಾನು ಕೇಳ್ತಿರಾದು ನಿಮ್ಮವ್ವಂದು.”

“ಅವ್ವನ ಹೆಸ್ರಲ್ಲಿ ನಾನು ಆಕಕ್ಕಿಲ್ಲ. ಅವ್ಳು ಯಾರೂ ಅಲ್ಲ ಅಂತ ಏಳಿ ಬಂದವ್ಳೆ. ಅವಳು ಏಳಿದ ಮಾತ ನಾನ್ಯಾಕೆ ಮುರೀಲಿ?”

ಮನೆ ಹೋಯಿತು, ಬಾವಿ ಹೋಯಿತು, ಬೀದಿಯಲ್ಲಿ ನಿಂತು ಅಷ್ಟು ಜನರ ಮುಂದೆ ಹೇಳಿ ಇಲ್ಲಿಯವರೆಗೆ ತಂದದ್ದಾಯಿತು. ಇನ್ನೊಂದು ಮೊಳ ದಾಟಿಸಲು ಮಾಯಮ್ಮನಲ್ಲಿ ಏನೂ ಉಳಿದಿರಲಿಲ್ಲ. ಗುಂಡಿಯ ಅಂಚಿನಲ್ಲಿ ಕುಸಿದು ಕೂತು ಗಂಡನ ಮುಖ ನೋಡಿದಳು.

“ಅವ್ಳು ಆ ಮಾತ ಇವರ ಸಲುವಾಗಿ ಆಡಿದ್ಲು ಕಣಪ್ಪಾ” ಎಂದಳು. “ಇವರ ಅನ್ನ ಓಗ್ಬಾರ್ದು ಅಂತ ಆಡಿದ್ಲು. ನೀನೂ ಅಲ್ಲೇ ಇದ್ದೆ. ಅವಳ ಮುಖ ನೋಡಿರ್ನಿಲ್ವಾ?”

ಹೊತ್ತು ಮುಳುಗಿದ ಮೇಲೆ ಮಣ್ಣು ಮಾಡುವಂತಿಲ್ಲ ಎಂದು ದ್ಯಾವಯ್ಯ ತನ್ನಷ್ಟಕ್ಕೆ ಗೊಣಗಿದ. ಕೆರೆಯ ಕಡೆಯಿಂದ ಎಮ್ಮೆಗಳು ಏರಿ ಹತ್ತಿ ಬಂದು ಜನರನ್ನು ಕಂಡು ಬೇರೆ ದಾರಿ ಹಿಡಿದವು.

ಎಮ್ಮೆಗಳು ಹೋದ ಮೇಲೆ ಸಣ್ಣಯ್ಯ ಕಟ್ಟಿದ ಕೈ ಬಿಟ್ಟ. ಮೊರದ ಕಡೆ ಹೋಗುವ ಬದಲು ತಾಯಿಯ ಗುಡ್ಡೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ. ಮಣ್ಣು ಗಟ್ಟಿಯಾಗಿತ್ತು. ಉಗುರಿನಲ್ಲಿ ಕೆರೆದು ಕೆರೆದು ಒಂದು ಚಿಟಿಕೆ ಎತ್ತಿದ. ಮೊರದಿಂದ ನಾಲ್ಕು ಕಾಳು ಅಕ್ಕಿ ತೆಗೆದುಕೊಂಡು ಅಂಗೈಯಲ್ಲಿ ಅದರ ಜೊತೆ ಕಲೆಸಿದ. ಗುಂಡಿಗಿಳಿದು ಅಣ್ಣನ ತಲೆಯ ಬಳಿ ಮೊಣಕಾಲೂರಿ, “ಬೀರಮ್ಮನ ಪಾಲು” ಎಂದ.

ಚಲುವಯ್ಯನ ಬಾಯಿ ಸ್ವಲ್ಪ ತೆರೆದೇ ಇತ್ತು. ಅಕ್ಕಿ ತುಟಿಯ ಮೇಲೆ ನಿಂತಿತು, ಮಣ್ಣು ಒಳಗೆ ಇಳಿಯಿತು.